ಅಟ್ಟದ್ ಮೇಲಿನ ರೆಕಾರ್ಡಿಗೆ ಯಾವ ಆಂಪ್ಲಿಫಯರ್?

ಹಳೆ ರೆಕಾರ್ಡ್ ಕೇಂಬುಕೆ ಎಂಥಾ ಆಂಪ್ಲಿಫಯರ್ ತಕಂಬುದು? ಇದು ಗಂಡ್ಸ್ರ್ ಮಾತಾಡುವ ವಿಷ್ಯ ಅಂದೇಳಿ ನಾವು ಹೆಂಗ್ಸ್ರ್ ಬದಿಗಿಟ್ಟದ್ದೇ ಜಾಸ್ತಿ. ಆದ್ರೆ ಕಾಣಿ, ನಮ್ಮ ಶಂಕರನಾರಾಯಣದಿಂದ ಹಾಲಾಡಿ, ಸಿದ್ದಾಪುರದವರೆಗೆ ಎಷ್ಟೋ ಮನೆ ಅಟ್ಟದಲ್ಲಿ ಇವತ್ತಿಗೂ ರೆಕಾರ್ಡ್ ಪೆಟ್ಟಿಗೆ ಇತ್ತ್. ಮಕ್ಕಳು ಬೆಂಗಳೂರಿಂದ ರಜೆಗೆ ಬಂದವ್ರು ಅದನ್ನ ಕೆಳಗಿಳಿಸಿ, ಧೂಳು ಒರೆಸಿ, "ಅಮ್ಮ, ಇದೀಗ ಮತ್ತೆ ಫ್ಯಾಷನ್" ಅಂತಾರೆ. ಒಂದು ಟರ್ನ್‌ಟೇಬಲ್ ತರಿಸ್ತಾರೆ. ಮನೆಯಲ್ಲಿಪ್ಪ ಟಿವಿಯ ಸ್ಪೀಕರಿಗೆ ವಯರ್ ಸಿಕ್ಕಿಸ್ತಾರೆ. ಶಬ್ದ ಬತ್ತಿಲ್ಲ, ಬಂದ್ರೂ ಸೊಳ್ಳೆ ಕೂಗಿದಂಗೆ. ಆಗ ಆಂಪ್ಲಿಫಯರ್ ಸುದ್ದಿ ಏಳುದು.

ನಮ್ಮನೆಯಲ್ಲಿ ಈ ಸುದ್ದಿ ಎದ್ದದ್ದು ಅತ್ತೆಯಿಂದ. ಅವರಿಗೀಗ 84. ಕಣ್ಣು ಮಂಜು, ಕಿವಿಯೂ ಒಂಚೂರ್ ಮಂದ. ಮಾವಯ್ಯ ಇದ್ದಾಗ ಚಾವಡಿಯಲ್ಲಿ ಕೂಕಂಡ್ ರೆಕಾರ್ಡ್ ಹಾಕ್ತಿದ್ರ್. ಅತ್ತೆ ಒಳಗೆ ಅರೆವ ಕಲ್ಲಿನ ಬುಡದಲ್ಲಿ. ಕಲ್ಲಿನ ಗರಗರದ ನಡುವೆ ಕಾಳಿಂಗ ರಾಯರ ಸ್ವರ ಎಷ್ಟು ಬತ್ತೋ ಅಷ್ಟೇ ಅವರ ಪಾಲಿಗೆ. ತಟ್ಟೆ ಮುಟ್ಟುಕೆ ಹೆಂಗ್ಸ್ರಿಗೆ ಬಿಡ್ತಿರ್ಲಿಲ್ಲ, ಗೀರು ಬೀಳ್ತ್ ಅಂದೇಳಿ. "ಒಂದ್ ಸಲ ಪೂರಾ ಕೇಣ್ಕ್ ಮರಾಯ್ತಿ, ಸುರುವಿಂದ ಕಡೆವರೆಗೆ" ಅಂದ್ರ್ ಅತ್ತೆ. 84 ವರ್ಷದವರು ಹಾಂಗೆ ಹೇಳಿದ ಮೇಲೆ ಮುಂದಿನ ದೀಪಾವಳಿಗೆ ಕಾಂಬ ಅಂದ್ರೆ ಆತ್ತಾ?

ನಂಗೆ ಈ ಕೆಲಸ ಚೂರು ಗೊತ್ತಿತ್ತ್. ಅಣ್ಣಯ್ಯ ಮೈಕ್‌ಸೆಟ್ ಇಟ್ಕಂಡಿದ್ದವ್ರು. ಪಿಯುಸಿ ಮುಗಿಸಿ ಮದುವೆಯಾಗುವವರೆಗೆ ಎರಡು ವರ್ಷ, ಅವರು ಬೆಸುಗೆ ಹಾಕುವಾಗ ವಯರ್ ಹಿಡಕಂಬುದು, ಸಾಮಾನಿನ ಚೀಟಿ ಬರೆವುದು ನನ್ನ ಕೆಲಸ. ಹಾಂಗಾಗಿ ಆಂಪ್ಲಿಫಯರ್ ಅಂದ್ರೆ ನಂಗೆ ಹೆದ್ರಿಕೆ ಇಲ್ಲ.

ಮೊದಲು ಸ್ವಲ್ಪ ಹಿಂದಕ್ಕೆ ಹೋಪ. ಸುರುವಿಗೆ ಆಂಪ್ಲಿಫಯರೇ ಇರ್ಲಿಲ್ಲ. ಕೀಲಿ ಕೊಡುವ ಗ್ರಾಮಫೋನಿಗೆ ಕರೆಂಟ್ ಬ್ಯಾಡ. ಸೂಜಿಯ ನಡುಕ ಒಂದು ತೆಳು ಬಿಲ್ಲೆಗೆ ಮುಟ್ಟಿ, ಅಲ್ಲಿಂದ ಕೊಳವೆಯೊಳಗೆ ಹೋಗಿ ದೊಡ್ಡ ಶಬ್ದ ಆಗುತ್ತಿತ್ತು. ಹಾಡುವವರೂ ಹಾಂಗೆ, ಕೊಳವೆ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡ್ಕಿತ್ತ್. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಹೀಗೇ. ತಟ್ಟೆ ಅಚ್ಚಾಗುವುದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡು ಅಂತ ಗುರ್ತ ಸಿಕ್ಕಲಿ ಎಂದು ಹಾಡಿನ ಕಡೆಗೆ ಆಕೆ ತನ್ನ ಹೆಸರನ್ನ ತಾನೇ ಹೇಳುತ್ತಿದ್ದರು. ಕಡೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಲ್ಲೇ ತೀರಿಕೊಂಡರು. ನಮ್ಮ ದೇಶದ ರೆಕಾರ್ಡಿನ ಮೊದಲ ದೊಡ್ಡ ಹೆಸರು ಒಬ್ಬ ಹೆಂಗಸಿನದು. ಅದೇ ರೆಕಾರ್ಡ್ ಮುಟ್ಟುಕೆ ಮನೆ ಹೆಂಗ್ಸ್ರಿಗೆ ಬಿಡ್ತಿರ್ಲಿಲ್ಲ, ಕಾಣಿ!

1925ರ ಹೊತ್ತಿಗೆ ಮೈಕು, ವಾಲ್ವು ಬಂದು ಕರೆಂಟಿನಲ್ಲಿ ರೆಕಾರ್ಡ್ ಮಾಡುವುದು ಸುರುವಾಯಿತು. ಮೆಲ್ಲಗೆ ಹಾಡಿದರೂ ಹಿಡಿಯುವ ಹಾಗಾಯಿತು. ನಮ್ಮ ಬ್ರಹ್ಮಾವರ ಬದಿಯ ಆರೂರಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗ ರಾಯರು ಕವಿಗಳ ಪದ್ಯವನ್ನ, ಜನಪದ ಹಾಡನ್ನ ಮನೆಮನೆಗೆ ಮುಟ್ಟಿಸಿದ್ದು ಈ ದಾರಿಯಲ್ಲೇ. ಅವರ ಹಾಡು ಸುರುವಿಗೆ ಬಂದದ್ದು ನಿಮಿಷಕ್ಕೆ 78 ಸುತ್ತು ಸುತ್ತುವ ಅರಗಿನ ತಟ್ಟೆಯಲ್ಲಿ. ಒಂದು ಬದಿಗೆ ಮೂರು ಮೂರೂವರೆ ನಿಮಿಷ ಅಷ್ಟೆ, ಕೈ ಜಾರಿದರೆ ಹಂಚಿನ ಹಾಗೆ ಚೂರು. 1948ರಲ್ಲಿ ಅಮೆರಿಕದಲ್ಲಿ ಪ್ಲಾಸ್ಟಿಕ್ಕಿನ ಎಲ್‌ಪಿ ಬಂತು, ಅದು ಮೂವತ್ತಮೂರೂ ಕಾಲರ ಲೆಕ್ಕಕ್ಕೆ ಚೂರು ಹೆಚ್ಚು, ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತು. ಮರುವರ್ಷ 45 ಸುತ್ತಿನ ಸಣ್ಣ ತಟ್ಟೆ. ಎಡಬಲ ಬೇರೆ ಬೇರೆ ಕೇಂಬ ಸ್ಟೀರಿಯೋ ತಟ್ಟೆ 1958ರ ಹೊತ್ತಿಗೆ. ನಮ್ಮ ದೇಶದಲ್ಲಿ ಮಾತ್ರ ಅರಗಿನ ತಟ್ಟೆ 1960ರ ದಶಕದಲ್ಲೂ ನಡೀತಾ ಇದ್ದಿತ್ತ್.

ಅಂದ್ರೆ ಎಂತ ಆಯ್ತ್? ನಮ್ಮ ಅಟ್ಟದ ಪೆಟ್ಟಿಗೆಯಲ್ಲಿಪ್ಪ ಮುಕ್ಕಾಲು ವಾಸಿ ರೆಕಾರ್ಡ್ ಸ್ಟೀರಿಯೋ ಅಲ್ಲವೇ ಅಲ್ಲ. ಒಂದೇ ಧಾರೆಯ ಮೋನೋ. ಇದನ್ನ ಮನಸ್ಸಲ್ಲಿ ಇಟ್ಕಣಿ, ಮುಂದೆ ಬೇಕಾತ್ತ್.

ಇನ್ನೊಂದು ಸಂಗತಿ ಗೊತ್ತಿರ್ಕ್. ತಟ್ಟೆ ಕೊರೆವಾಗ ತಗ್ಗಿನ ಸ್ವರವನ್ನ, ಅಂದ್ರೆ ಮದ್ದಳೆಯ ಧೀಂಕಾರದಂಥದ್ದನ್ನ, ಬೇಕಂತಲೇ ಕುಗ್ಗಿಸ್ತಾರೆ. ಇಲ್ಲದಿದ್ರೆ ಗೆರೆ ಅಗಲ ಆಗಿ ಪಕ್ಕದ ಗೆರೆಗೆ ಹಾರ್ತ್. ತಾಳದ ಟಿಣ್ ಅನ್ನುವ ಮೇಲಿನ ಸ್ವರವನ್ನ ಹಿಗ್ಗಿಸ್ತಾರೆ, ತಟ್ಟೆಯ ಸರಸರ ಅಡಗಲಿ ಅಂದೇಳಿ. ಕೇಂಬಾಗ ಆಂಪ್ಲಿಫಯರ್ ಇದನ್ನ ಉಲ್ಟಾ ಮಾಡಿ, ಕುಗ್ಗಿಸಿದ್ದನ್ನ ಎತ್ತಿ, ಹಿಗ್ಗಿಸಿದ್ದನ್ನ ಇಳಿಸ್ಕ್. ಮೊದಲು ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ ಇದ್ದಿತ್ತ್. 1954ರಲ್ಲಿ ಆರ್‌ಐಎಎ ಅಂಬ ಒಂದೇ ಲೆಕ್ಕ ಬಂತು. ಆ ಉಲ್ಟಾ ಕೆಲಸ ಮಾಡುವ ಭಾಗ ಇಪ್ಪುದು ಆಂಪ್ಲಿಫಯರಿನ ಹಿಂದೆ "ಫೋನೋ" ಅಂತ ಬರೆದ ತೂತಿನ ಒಳಗೆ. ಅಯಸ್ಕಾಂತದ ಸೂಜಿಯಿಂದ ಬಪ್ಪ ಕರೆಂಟೋ, 3ರಿಂದ 5 ಮಿಲಿವೋಲ್ಟ್. ಗೋಡೆಯ ಪ್ಲಗ್ಗಿನ 230 ವೋಲ್ಟಿನ ಎದುರು ಅದು ಎಳ್ಳಿನ ಕಾಳೂ ಅಲ್ಲ. ಅದನ್ನ ಸುಮಾರು ನೂರು ಪಾಲು ದೊಡ್ಡದು ಮಾಡಿದ ಮೇಲೆಯೇ ಉಳಿದ ಆಂಪ್ಲಿಫಯರ್ ಕೆಲಸ.

ಹಳೆ ಆಂಪ್ಲಿಫಯರ್ ಬೇಕ್ ಅಂಬುಕೆ ಅಸಲು ಕಾರಣ ಇದೇ. 1970, 80ರ ದಶಕದ ಒಳ್ಳೆ ಸ್ಟೀರಿಯೋ ಆಂಪ್ಲಿಫಯರಿನಲ್ಲಿ ಫೋನೋ ತೂತು ಇಪ್ಪುದೇ ವಾಡಿಕೆ. 1982ರಲ್ಲಿ ಸಿಡಿ ಬಂತು, ನಮ್ಮಲ್ಲಿ ಅದಕ್ಕಿಂತ ಮೊದಲೇ ಕ್ಯಾಸೆಟ್ ಬಂದು ಕೂತಿತ್ತು, ಆಮೇಲಾಮೇಲೆ ಕಂಪನಿಯವರು ಆ ತೂತನ್ನೇ ತೆಗೆದು ಬಿಟ್ರ್. ಹಳತಾದಕೂಡ್ಲೇ ಚಿನ್ನ ಅಂಬ ಮಾತು ನಾನ್ ಒಪ್ಪುದಿಲ್ಲ. ಹಳೆ ಒನಕೆ ಹಳತು ಅಂದೇಳಿ ಅಕ್ಕಿ ಚಂದ ಆತ್ತಾ?

ಕ್ಯಾಸೆಟ್ ಅಂದ ಕೂಡ್ಲೇ ಒಂದು ಮಾತು. ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ ಆಗಿ ಬಂತು, ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ. ಆಮೇಲೆ ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ ನಮ್ಮ ಬದಿಯ ಮನೆಮನೆಯಲ್ಲಿ. ಟೇಪ್‌ರೆಕಾರ್ಡರಿಗೆ ಗೀರು ಬೀಳುವ ಹೆದ್ರಿಕೆ ಇಲ್ಲ ಅಲ್ದಾ, ಹಾಂಗಾಗಿ ಗುಂಡಿ ಒತ್ತುವ ಅಧಿಕಾರ ಹೆಂಗ್ಸ್ರ್ ಕೈಗೂ ಬಂತು. ನಾನ್ ನಾವಡರ ಪದ್ಯ ಕೇಂಡದ್ದು ಅಡುಗೆಮನೆ ಕಿಟಕಿಯಲ್ಲಿ ಇಟ್ಟ ಟೇಪಿನಲ್ಲೇ. ಅತ್ತೆಯ ಪ್ರಾಯದವರಿಗೆ ಮಾತ್ರ ಅವರ ಕಾಲದ ಹಾಡು ಆ ತಟ್ಟೆಯೊಳಗೇ ಉಳೀತ್.

ಸರಿ, ನಮ್ಮೆದುರು ಮೂರು ಆಂಪ್ಲಿಫಯರ್ ಇದ್ದಿತ್ತ್.

ಒಂದು, ಅಣ್ಣಯ್ಯನ ಮೈಕ್‌ಸೆಟ್ಟಿನ ಅಹುಜಾ. ದೆಹಲಿಯ ಈ ಕಂಪನಿ 1940ರಿಂದ ಇತ್ತ್, ನಮ್ಮ ಜಾತ್ರೆ, ಮದುವೆ, ಆಟದ ರಂಗಸ್ಥಳ ಎಲ್ಲ ಕಡೆಗೂ ಇದೇ. ಮದುವೆ ಮನೆಯಲ್ಲಿ ಬೆಳಗಾತ ತೆಂಗಿನ ಮರದ ಮೇಲಿನ ಹಾರ್ನಿನಿಂದ ಹಾಡು ಬಂದ್ರೆ ಮೂರು ಮೈಲಿಯವರಿಗೆ ಕರೆಯೋಲೆ ಇಲ್ಲದೆ ಸುದ್ದಿ. ಗಟ್ಟಿ ಸಾಮಾನು, ಮಳೆಗೂ ಗಾಳಿಗೂ ಜಗ್ಗುದಿಲ್ಲ. ಆದ್ರೆ ಅದು ಮಾತು ದೂರ ಮುಟ್ಟಿಸುಕೆ ಹುಟ್ಟಿದ್ದು. ಅಂದಿನ ಮೈಕ್‌ಸೆಟ್ಟಿನ ರೆಕಾರ್ಡ್ ಪ್ಲೇಯರಿನಲ್ಲಿ ಇಪ್ಪುದು ಸೆರಾಮಿಕ್ ಸೂಜಿ. ಅದರ ಕರೆಂಟ್ ಅಯಸ್ಕಾಂತದ ಸೂಜಿಗಿಂತ ಎಷ್ಟೋ ಪಾಲು ಜಾಸ್ತಿ, ಅದಕ್ಕೆ ಫೋನೋ ಭಾಗ ಬ್ಯಾಡ. ಹಾಂಗಾಗಿ ಈ ಪೆಟ್ಟಿಗೆಯಲ್ಲಿ ಅದೂ ಇಲ್ಲ. ಎಚ್‌ಎಂವಿ, ಫಿಲಿಪ್ಸ್ ಕಂಪನಿಯ ಸೂಟ್‌ಕೇಸಿನಂಥ ಹಳೆ ಪ್ಲೇಯರ್ ನಿಮ್ಮನೆಯಲ್ಲಿದ್ರೆ ಅದರಲ್ಲೂ ಸಾಮಾನ್ಯ ಸೆರಾಮಿಕ್ಕೇ, ಅದನ್ನ ಫೋನೋ ತೂತಿಗೆ ಹಾಕ್ಬೇಡಿ, ಸ್ವರ ಒಡೆದು ಹೋತ್ತ್. ಮಗ ತಂದ ಟರ್ನ್‌ಟೇಬಲಿನಲ್ಲಿದ್ದದ್ದು ಅಯಸ್ಕಾಂತದ್ದು. ಅಹುಜಾ ಅಲ್ಲಿಗೆ ಬಿಟ್ಟ್ ಹೋಯ್ತ್.

ಎರಡನೇದು ವಾಲ್ವಿನದು. ಮಾವಯ್ಯನ ಪರಿಚಯದವರೊಬ್ಬರು ಬೆಂಗಳೂರಲ್ಲಿ ಕೈಯಾರೆ ಕಟ್ಟಿದ್ದು, ಒಳಗೆ ಬಿಇಎಲ್ ಅಂತ ಅಚ್ಚಿದ್ದ ಇಎಲ್ 84 ವಾಲ್ವು. ಇದಕ್ಕೊಂದು ಹೆಮ್ಮೆಯ ಕತೆ ಇತ್ತ್. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಸುರುವಾದದ್ದು ಸೈನ್ಯಕ್ಕೆ ಬೇಕಾದ ಸಾಮಾನು ಮಾಡುಕೆ. 1961ರಿಂದ ರೇಡಿಯೋ ವಾಲ್ವು, ಮರುವರ್ಷ ಟ್ರಾನ್ಸಿಸ್ಟರು. ನಮ್ಮ ಊರಿನ ಎಷ್ಟೋ ರೇಡಿಯೋ ಮಾತಾಡಿದ್ದು ಆ ವಾಲ್ವಿನ ಕೆಂಪು ಬೆಳಕಲ್ಲೇ. ಈಗ ಹೊರದೇಶದ ಹವ್ಯಾಸಿಗಳೂ ಅದನ್ನ ಹುಡುಕಿ ತಕಂತ್ರ್. ಸ್ವರ ಕೇಂಡ್ರೆ ಬೆಣ್ಣೆ, ಸುಳ್ಳು ಹೇಳುದಿಲ್ಲ. ಆದ್ರೆ ಒಳಗೆ 250, 300 ವೋಲ್ಟ್ ಓಡ್ತ್. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಕೂಕಂಡಿರ್ತ್. ಸ್ಪೀಕರ್ ವಯರ್ ಕಳಚಿಕೊಂಡ ಹೊತ್ತಿಗೆ ಶಬ್ದ ಏರಿಸಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟ್ ಹೋಪ ಅಪಾಯ. ಗಾಜು ಕಾದ ಬಾಣಲೆ. ಕಣ್ಣು ಮಂಜಾದ ಅತ್ತೆ ಕೈ ಚಾಚಿ ಗುಂಡಿ ಹುಡುಕುವಾಗ ಅದರ ಮೇಲೆ ಬೆರಳಿಟ್ರೆ? ಯಜಮಾನ್ರಿಗೆ ಇದೇ ಆಯ್ಕ್ ಅಂತಿದ್ದಿತ್ತ್. ನಾನ್ ಒಪ್ಪಲಿಲ್ಲ.

ಮೂರನೇದು ಮೈದುನ 1983ರಲ್ಲಿ ಕುವೈತಿಂದ ತಂದ ಜಪಾನಿನ ಸ್ಟೀರಿಯೋ. ಆಗ ಹೊರದೇಶದ ಸಾಮಾನಿಗೆ ಸುಂಕ ಹೇಳುಕೆ ಆತಿಲ್ಲ ಅಷ್ಟ್. ನಮ್ಮಲ್ಲಿ ಕಲ್ಕತ್ತೆಯ ಸೋನೋಡೈನ್, ಬೊಂಬಾಯಿಯ ಕಾಸ್ಮಿಕ್ ಇದ್ದಿತ್ತ್, ಅವೂ ಒಳ್ಳೆ ಸೆಟ್ಟೇ. ಆದ್ರೆ ಸಾನ್ಸುಯಿ, ಪಯನೀರ್, ಅಕಾಯಿ ಅಂಬ ಹೆಸರು ನಮ್ಮ ಕರಾವಳಿಗೆ ಬಂದದ್ದು ಗಲ್ಫಿಗೆ ಹೋದ ಗಂಡುಮಕ್ಕಳ ತಲೆಹೊರೆಯಲ್ಲಿ, ಟಾರ್ಚು, ಸೆಂಟಿನ ಬಾಟ್ಲಿ, ನೈಲಾನ್ ಸೀರೆಯ ಒಟ್ಟಿಗೆ.

ಇಂಥ ಸೆಟ್ ಸಿಕ್ಕಿದ್ರೆ ಮೊದಲು ಹಿಂದೆ ತಿರುಗಿಸಿ ವೋಲ್ಟಿನ ಗುರ್ತು ಕಾಣಿ. ಜಪಾನಿನ ಮನೆಗಳಲ್ಲಿ 100 ವೋಲ್ಟ್. ಅಲ್ಲಿಗೇ ಮಾಡಿದ ಸೆಟ್ಟನ್ನ ನಮ್ಮ ಪ್ಲಗ್ಗಿಗೆ ನೇರ ಹಾಕಿದ್ರೆ ಹೊಗೆಯೇ ಹಾಡು. ಗಲ್ಫಲ್ಲಿ ಮಾರಿದ ಸುಮಾರು ಸೆಟ್ಟಿಗೆ 110, 220, 240 ಅಂತ ತಿರುಪುವ ಗುಂಡಿ ಇತ್ತ್, ಅದು 220ರ ಮೇಲೋ 240ರ ಮೇಲೋ ಇರ್ಕ್. ಆಮೇಲೆ ಫೋನೋ ತೂತು, ಅದರ ಪಕ್ಕ ಅರ್ಥಿನ ಸಣ್ಣ ತಿರುಪು. ಟರ್ನ್‌ಟೇಬಲಿನ ತೆಳು ವಯರ್ ಆ ತಿರುಪಿಗೆ ಕಟ್ಟದಿದ್ರೆ ಜೇನುಗೂಡಿನ ಹಾಂಗೆ ಗುಂಯ್ ಅಂತ. ಎಷ್ಟೋ ಜನ ಈ ಗುಂಯ್ ಕೇಂಡೇ ಒಳ್ಳೆ ಸೆಟ್ಟನ್ನ ಗುಜರಿಗೆ ಹಾಕಿದ್ರ್.

ಇನ್ನು ವ್ಯಾಟಿನ ಲೆಕ್ಕ. 1990ರ ದಶಕದ ಡಬ್ಬಗಳ ಮೇಲೆ 1000 ವ್ಯಾಟ್ ಪಿಎಂಪಿಒ ಅಂತ ಚೀಟಿ ಇರ್ತಿತ್ತು, ಅದು ಮದುವೆ ದಲ್ಲಾಳಿ ಹೇಳುವ ಆಸ್ತಿಯ ಹಾಂಗೆ. ಆರ್‌ಎಂಎಸ್ ಅಂಬ ಲೆಕ್ಕ ನಂಬಿ. ಚಾವಡಿಯಷ್ಟು ದೊಡ್ಡ ಕೋಣೆಗೆ ಒಂದು ಬದಿಗೆ 20 ವ್ಯಾಟ್ ಆರ್‌ಎಂಎಸ್ ಇದ್ರೆ ಹಟ್ಟಿಯ ದನಕ್ಕೂ ಕೇಂತ್ತ್.

ನಾನ್ ಇದನ್ನೇ ಆರಿಸಿದ್ದು ಬೇರೆ ಎರಡು ಗುಂಡಿಗೆ. ಒಂದು ಮೋನೋ ಗುಂಡಿ. ಮೋನೋ ತಟ್ಟೆಯಲ್ಲಿ ಹಾಡು ಇಪ್ಪುದು ಸೂಜಿ ಎಡಬಲ ಅಲ್ಲಾಡುವುದರಲ್ಲಿ ಮಾತ್ರ. ಮೇಲೆ ಕೆಳಗೆ ಕುಣಿವುದೆಲ್ಲ ಧೂಳು, ಗೀರು. ಸ್ಟೀರಿಯೋ ಸೂಜಿ ಎರಡನ್ನೂ ಹಿಡೀತ್. ಮೋನೋ ಗುಂಡಿ ಒತ್ತಿದ್ರೆ ಎರಡು ಬದಿ ಸೇರಿ ಆ ಮೇಲೆಕೆಳಗಿನ ಗದ್ದಲ ಒಂದಕ್ಕೊಂದು ವಜಾ ಆಗಿ ಹೋತ್ತ್. 50 ವರ್ಷ ಅಟ್ಟದಲ್ಲಿ ಬಿದ್ದ ತಟ್ಟೆಗೆ ಇದರಷ್ಟು ದೊಡ್ಡ ಔಷಧ ಇಲ್ಲ. ಇನ್ನೊಂದು ಟೋನ್ ಗುಂಡಿ. ಸಂಗೀತದ ಪಂಡಿತರು ಟೋನ್ ಗುಂಡಿ ಬ್ಯಾಡ, ಸ್ವರ ಇದ್ದಂಗೆ ಕೇಣಿ ಅಂತ್ರ್ ಅಂಬ್ರ್. ಪ್ರಾಯದವರ ಕಿವಿಗೆ ಮೊದಲು ಮಂದ ಆಪುದು ಮೇಲಿನ ಸ್ವರ. ಟ್ರೆಬಲ್ ಎರಡು ಗೆರೆ ಏರಿಸಿದ್ರೆ ಅತ್ತೆಗೆ ಮಾತು ಬಿಡಿಬಿಡಿ ತಿಳೀತ್, ಇಲ್ಲದಿದ್ರೆ ಕಂಬಳಿ ಹೊದ್ದ ಹಾಡು.

ಸೆಟ್ಟನ್ನ ಹಾಂಗೇ ಪ್ಲಗ್ಗಿಗೆ ಹಾಕಲಿಲ್ಲ. ಕುಂದಾಪುರದಲ್ಲಿ ರಿಪೇರಿ ಮಾಡುವವರ ಹತ್ರ ಕೊಟ್ಟು ಒಣಗಿದ ಕೆಪಾಸಿಟರ್ ಬದಲಿಸಿ, ಗುಂಡಿಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿದೆವು. ಒಳಗೆ ಕಣಜದ ಮಣ್ಣಿನ ಗೂಡು ಎರಡು. ತೂತುಗಳಿಗೆ ಹಸಿರು ಕಿಲುಬು ಹಿಡಿದಿತ್ತು, ನಮ್ಮ ಮಳೆಗಾಲದ ತಂಡಿಗೆ ಇದು ಖಾಯಂ. ಆಷಾಢ, ಶ್ರಾವಣದಲ್ಲಿ ವಾರಕ್ಕೆರಡು ಸಲ ಅರ್ಧ ಗಂಟೆ ಹಾಕಿಟ್ರೆ ಒಳಗಿನ ಬಿಸಿಗೆ ತಂಡಿ ಓಡ್ತ್. ಗುಡುಗಿನ ಸದ್ದು ಕೇಂಡ್ರೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದ್ರೆ ಸಾಲ.

ಅತ್ತೆ ಕಾಳಿಂಗ ರಾಯರ ಎಲ್‌ಪಿಯ ಒಂದು ಬದಿ ಪೂರಾ ಕೇಂಡ್ರ್. ನಡುವೆ ಸೋಹನ್ ಕುಮಾರಿ, ಮೋಹನ್ ಕುಮಾರಿಯರ ಸ್ವರ ಬಂದಾಗ "ಇವ್ರೂ ಹಾಡಿದ್ರಾ ಇದ್ರಗೆ? ಒಳಗೆ ಕೇಂತಿರ್ಲಿಲ್ಲ" ಅಂದ್ರ್. ಶಬ್ದದ ಗುಂಡಿ ಎಲ್ಲಿತ್ತ್ ಅಂತ ಬೆರಳಲ್ಲಿ ಗುರ್ತ ಮಾಡ್ಕಂಡಿದ್ರ್, ಗುಂಡಿಯ ಮೇಲೆ ನಾನ್ ಒಂದು ಬಿಂದಿ ಅಂಟಿಸಿದ್ದೆ.

ಇನ್ನು ಉಳಿದದ್ದು ಅರಗಿನ ತಟ್ಟೆ, ಹನ್ನೊಂದಿತ್ತ್. ಅದರ ಗೆರೆ ಅಗಲ. ಎಲ್‌ಪಿಯ ಸೂಜಿ ಮೊನೆ ಸುಮಾರು 18 ಮೈಕ್ರಾನ್, ಅರಗಿನದಕ್ಕೆ ಸುಮಾರು 75 ಬೇಕ್. ಸಣ್ಣ ಸೂಜಿ ಹಾಕಿದ್ರೆ ಗೆರೆಯ ತಳದಲ್ಲಿ ಉರುಳ್ತ್, ಹಾಡಿಗಿಂತ ಸರಸರವೇ ಜಾಸ್ತಿ. ನಮ್ಮ ಟರ್ನ್‌ಟೇಬಲಿಗೆ 78ರ ಸುತ್ತು ಇತ್ತ್, ದಪ್ಪ ಸೂಜಿ ತರಿಸ್ಕ್. ಮಗನ ಹತ್ರ ಹೇಳಿದ್ದೆ, ಬಪ್ಪ ವಾರ ಬತ್ತ್ ಅಂದಿದ್ದ. ಅಷ್ಟರೊಳಗೆ ತಟ್ಟೆಗಳನ್ನ ಮೆತ್ತನೆ ಬಟ್ಟೆಯಲ್ಲಿ ಬರೀ ನೀರಿಗೆ ಒರೆಸಿಡ್ಕ್. ಸ್ಪಿರಿಟ್ ತಾಗಿಸುಕಾಗ, ಅರಗು ಕರಗ್ತ್.