ಚಾಳಿ ಬಿಡದ ಚಿಪ್ಪಿಗೆ ಡ್ರೈವರ್ ಏನು ಮಾಡಬೇಕು?

ಗಂಗಾವತಿಯಲ್ಲಿ ಭತ್ತದ ಲಾರಿ ವೇಬ್ರಿಜ್ ಹತ್ತಿದಾಗ ಕಂಪ್ಯೂಟರಿನಲ್ಲಿ ಮೂಡುವ ತೂಕ ಎಲ್ಲಿಂದ ಬರ್ತದೆ? ಸಾಮಾನ್ಯವಾಗಿ ತೂಕದ ಇಂಡಿಕೇಟರ್ ಅಂಕಿಗಳನ್ನು ಹಳೇ ಕಾಲದ ಸೀರಿಯಲ್ ಪೋರ್ಟಿನಿಂದ ಒಂದೊಂದೇ ಅಕ್ಷರವಾಗಿ ಕಳಿಸುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಅಪರೂಪ. ಹಾಗಾಗಿ ನಡುವೆ ಒಂದು ಯುಎಸ್‌ಬಿ-ಸೀರಿಯಲ್ ಕೇಬಲ್, ಅದರ ತಲೆಯೊಳಗೊಂದು ಚಿಪ್, ಆ ಚಿಪ್ಪಿನ ಜೊತೆ ಮಾತಾಡೋಕೆ ಆಪರೇಟಿಂಗ್ ಸಿಸ್ಟಮ್ಮಿನಲ್ಲೊಂದು ಡ್ರೈವರ್. ಕೊಪ್ಪಳದಲ್ಲಾಗಲಿ ಕುಷ್ಟಗಿಯಲ್ಲಾಗಲಿ ಅಗ್ಗದ ಕೇಬಲ್ ಕೊಂಡರೆ ಒಳಗಿನ ಚಿಪ್ ಯಾರದ್ದು ಅಂತ ಬಹಳ ಸಲ ಮಾರುವವರಿಗೂ ಗೊತ್ತಿರಲ್ಲ.

ಹಾರ್ಡ್‌ವೇರ್ ಡೇಟಾಶೀಟ್ ಹೇಳಿದ ಹಾಗೆ ನಡೆಯುತ್ತದೆ ಅಂತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸ್ತಾರೆ. ನಡೆಯಲ್ಲ. ಹಾಗೆ ನಡೆಯದ ವರ್ತನೆಗೆ ಕರ್ನೆಲ್ ಬರೆಯುವವರು ‘ಕ್ವರ್ಕ್’ ಅಂತಾರೆ, ನಾನು ಚಾಳಿ ಅಂತೀನಿ. ಕಂಪ್ಯೂಟರ್ ನಿದ್ದೆಯಿಂದ ಎದ್ದ ಮೇಲೆ ತಾನು ಯಾರೆಂಬುದನ್ನೇ ಮರೆಯುವ ಸಾಧನಗಳಿವೆ. ಚುಚ್ಚಿದ ಕೂಡಲೇ ಪ್ರಶ್ನೆ ಕೇಳಿದರೆ ಉಸಿರೆತ್ತದವೂ ಇವೆ. ಮಾರಾಟವಾದ ಚಿಪ್ಪನ್ನು ತಿದ್ದೋಕಾಗಲ್ಲ, ಡ್ರೈವರೇ ಹೊಂದಿಕೊಳ್ಳಬೇಕು.

ಲಿನಕ್ಸಿನಲ್ಲಿ ಸುಲಭದ ದಾರಿ ಪಟ್ಟಿ. ಪ್ರತಿ ಯುಎಸ್‌ಬಿ ಸಾಧನಕ್ಕೂ ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಅಂತ ಒಂದು ಜೋಡಿ ಇರ್ತದೆ, 0403:6001 ಎಂಬ ಹಾಗೆ. ಚಾಳಿಯಿರುವ ಸಾಧನದ ಜೋಡಿಯ ಎದುರು ‘ಎದ್ದ ಮೇಲೆ ರೀಸೆಟ್ ಮಾಡು’, ‘ಕೇಳುವ ಮೊದಲು ಸ್ವಲ್ಪ ತಾಳು’ ಎಂಬಂಥ ಗುರುತು ಹಾಕ್ತಾರೆ. ಬೂಟ್ ಆಗುವಾಗ ಕೊಡುವ ಸೂಚನೆಯಲ್ಲಿ ಬಳಕೆದಾರರೂ ಇದನ್ನು ಸೇರಿಸಬಹುದು.

ಒಂದೇ ಸಂಖ್ಯೆಯ ಚಿಪ್ಪುಗಳು ಬೇರೆ ಬೇರೆ ಥರ ನಡೆದುಕೊಂಡರೆ ಮಾತ್ರ ಪಟ್ಟಿ ಸೋಲುತ್ತದೆ. ಅಗ್ಗದ ಕೇಬಲ್ಲುಗಳಲ್ಲಿ ಕಾಣುವ ಚೀನಾದ ಸಿಎಚ್340 ಕುಟುಂಬದಲ್ಲಿ ಹೀಗಾಗಿದೆ. ಕೆಲವಕ್ಕೆ ವೇಗ ಹೊಂದಿಸುವ ಆಯ್ಕೆಗಳು ಕಡಿಮೆ, ‘ಬ್ರೇಕ್’ ಎಂಬ ಸಂಕೇತ ಕಳಿಸೋಕೂ ಬರಲ್ಲ. ಲಿನಕ್ಸ್ ಡ್ರೈವರ್ ಮೊದಲು ಬ್ರೇಕಿಗೆ ಸಂಬಂಧಿಸಿದ ರಿಜಿಸ್ಟರನ್ನು ಓದಲು ನೋಡ್ತದೆ. ಓದೋಕಾಗದಿದ್ದರೆ ಇದು ಆ ಬಗೆಯದು ಎಂದು ತಿಳಿದು, ಇರುವ ಆಯ್ಕೆಯಲ್ಲೇ ವೇಗದ ಲೆಕ್ಕ ಹಾಕಿ, ಬ್ರೇಕಿನ ಬದಲು ತೀರಾ ನಿಧಾನದಲ್ಲಿ ಒಂದು ಸೊನ್ನೆ ಬೈಟ್ ಕಳಿಸ್ತದೆ. ಬಡ ಚಿಪ್ಪಿನಿಂದಲೂ ಕೆಲಸ ತೆಗೆಯುವ ಈ ಕೋಡ್ ನನಗೆ ಬಹಳ ಇಷ್ಟ.

2014ರ ಅಕ್ಟೋಬರಿನಲ್ಲಿ ಇದರ ತದ್ವಿರುದ್ಧ ನಡೆಯಿತು. ಮೇಲೆ ಹೇಳಿದ 0403:6001 ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯ ಚಿಪ್ಪಿನ ಗುರುತು. ಅದರ ನಕಲುಗಳು ಜಗತ್ತಿನ ತುಂಬ ಇದ್ದವು. ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ತಾನಾಗೇ ಬಂದು, ನಕಲಿ ಚಿಪ್ಪಿನ ಮೆಮೊರಿಯಲ್ಲಿದ್ದ ಉತ್ಪನ್ನ ಸಂಖ್ಯೆಯನ್ನು 0000 ಮಾಡಿಬಿಟ್ಟಿತು. ಅಸಲಿ ಚಿಪ್ಪಿನಲ್ಲಿ ಅದೇ ಬರಹ ಕೂರುತ್ತಿರಲಿಲ್ಲ. ಅಂದ್ರೆ ಚಾಳಿಯನ್ನೇ ಹಿಡಿದು ಹೊಡೆದರು. ನಿನ್ನೆವರೆಗೆ ನಡೀತಿದ್ದ ಕೇಬಲ್ ಬೇರೆ ಕಂಪ್ಯೂಟರಿಗೆ ಚುಚ್ಚಿದರೂ ಸತ್ತಂತೆಯೇ. ಗದ್ದಲವೆದ್ದ ಮೇಲೆ ಆ ಡ್ರೈವರ್ ವಾಪಸಾಯಿತು. ಲಿನಕ್ಸಿನವರು 0403:0000 ಅನ್ನೂ ತಮ್ಮ ಪಟ್ಟಿಗೆ ಸೇರಿಸಿ ಸತ್ತ ಕೇಬಲ್ಲುಗಳನ್ನು ಎಬ್ಬಿಸಿದರು. 2016ರಲ್ಲಿ ಬಂದ ಇನ್ನೊಂದು ಡ್ರೈವರ್ ಸಂಖ್ಯೆಯನ್ನು ಮುಟ್ಟಲಿಲ್ಲ. ಬದಲಿಗೆ ದತ್ತಾಂಶ ಹೋಗಬೇಕಾದ ಜಾಗದಲ್ಲಿ ‘ನಾನ್ ಜೆನ್ಯುಯಿನ್ ಡಿವೈಸ್ ಫೌಂಡ್!’ ಎಂಬ ಸಾಲನ್ನು ತುರುಕಿತು.

ತೂಕದ ಅಂಕಿ ಬರಬೇಕಾದ ಕಡೆ ಇದು ಬಂದರೆ?

ಕಂಪನಿಯ ಸಿಟ್ಟು ಸುಳ್ಳಲ್ಲ, ನಕಲು ಕಳ್ಳತನವೇ. ಆದರೆ ದಂಡ ತೆತ್ತದ್ದು ನಕಲು ಮಾಡಿದವನಲ್ಲ, ಗೊತ್ತಿಲ್ಲದೆ ಕೊಂಡವನು. ನಮ್ಮ ಮೇಜಿನ ಮೇಲಿನ ಸಾಧನವನ್ನು ದೂರದಲ್ಲಿ ಕೂತು ಕೊಲ್ಲುವ ಅಧಿಕಾರವನ್ನು ಒಂದು ಅಪ್‌ಡೇಟಿಗೆ ಕೊಟ್ಟವರು ಯಾರು ಎಂಬುದನ್ನು ಬರೀ ಟೆಕ್ನಿಕಲ್ ಪ್ರಶ್ನೆ ಅಂತ ನಾನು ಒಪ್ಪಲ್ಲ.

ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕೋದು ತೂಕದ ಯಂತ್ರಕ್ಕೆ. ಯಲಬುರ್ಗಾ ಕಡೆಯಿಂದ ಮೆಕ್ಕೆಜೋಳ ತಂದವರ ಕೈಗೆ ಬರೋದು ಕಂಪ್ಯೂಟರ್ ಚೀಟಿ. ಇಂಡಿಕೇಟರಿನ ಮೇಲೆ ಕಂಡ ಅಂಕಿಯನ್ನೂ ಚೀಟಿಯ ಅಂಕಿಯನ್ನೂ ಅಲ್ಲೇ ನಿಂತು ಹೋಲಿಸಿ ನೋಡಬೇಕು. ಇನ್ನು ಮನೆಯಲ್ಲಿ ಸತ್ತ ಕೇಬಲ್ ಇದ್ದರೆ ಎಸೆಯುವ ಮೊದಲು ಯಾರದ್ದಾದರೂ ಲಿನಕ್ಸ್ ಲ್ಯಾಪ್‌ಟಾಪಿಗೆ ಚುಚ್ಚಿ, ಯುಎಸ್‌ಬಿ ಸಾಧನಗಳ ಪಟ್ಟಿ ತೆಗೆಸಿ. 0403:0000 ಅಂತ ಕಂಡರೆ ಕೇಬಲ್ ಕೆಟ್ಟಿಲ್ಲ.