ಮೇಷ್ಟ್ರು ಸುಮ್ಮನಿದ್ದ ಎರಡು ಗಂಟೆ

1995ರ ಆರಂಭ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬರ್ನಿ ಡಾಜ್ ಎಂಬ ಪ್ರಾಧ್ಯಾಪಕರಿಗೆ ಒಂದು ಸಣ್ಣ ಪೇಚು ಎದುರಾಯಿತು. ಮುಂದೆ ಶಾಲಾ ಶಿಕ್ಷಕರಾಗಲಿದ್ದ ವಿದ್ಯಾರ್ಥಿಗಳಿಗೆ ಅವರು ಆರ್ಕಿಯೋಟೈಪ್ ಎಂಬ ತಂತ್ರಾಂಶವನ್ನು ಪರಿಚಯಿಸಬೇಕಿತ್ತು. ನ್ಯೂಯಾರ್ಕಿನ ಡಾಲ್ಟನ್ ಶಾಲೆಯ ಮಕ್ಕಳು ಕಂಪ್ಯೂಟರಿನ ಪರದೆಯ ಮೇಲೆಯೇ ಪುರಾತನ ನೆಲೆಯೊಂದನ್ನು ಅಗೆದು, ಸಿಕ್ಕಿದ ಚೂರುಗಳಿಂದ ಅಲ್ಲಿನ ಇತಿಹಾಸ ಊಹಿಸುತ್ತಿದ್ದ ತಂತ್ರಾಂಶ ಅದು. ಡಾಜ್ ಬಳಿ ಅದರ ಪ್ರತಿ ಇರಲಿಲ್ಲ. ತೋರಿಸಲು ವಿಡಿಯೊ ಕೂಡ ಇರಲಿಲ್ಲ.

ಇದ್ದದ್ದು ಚೂರುಪಾರು. ಕೆಲವು ಮೌಲ್ಯಮಾಪನ ವರದಿಗಳು, ಒಂದಷ್ಟು ವೆಬ್ ಪುಟಗಳು. ತಂತ್ರಾಂಶ ಕಟ್ಟಿದವರಲ್ಲಿ ಒಬ್ಬರು ನ್ಯೂಯಾರ್ಕಿನಿಂದ ಚಾಟ್‌ಗೆ ಸಿಗುತ್ತಿದ್ದರು. ಅದನ್ನು ತರಗತಿಯಲ್ಲಿ ಬಳಸಿ ನೋಡಿದ ಶಿಕ್ಷಕರೊಬ್ಬರು ವಿಡಿಯೊ ಕರೆಗೆ ಒಪ್ಪಿದ್ದರು. ಡಾಜ್ ವಿದ್ಯಾರ್ಥಿಗಳನ್ನು ಗುಂಪು ಮಾಡಿ ಇವನ್ನೆಲ್ಲ ಹಂಚಿದರು. ಪ್ರಶ್ನೆ ಒಂದೇ: ನೀವು ಅಭ್ಯಾಸಕ್ಕೆ ಹೋಗುವ ಶಾಲೆಯಲ್ಲಿ ಇದನ್ನು ಬಳಸಬಹುದೇ, ಹೇಗೆ? ಮುಂದಿನ ಎರಡು ಗಂಟೆ ಅವರು ಹೆಚ್ಚು ಮಾತಾಡಲಿಲ್ಲ. ಗುಂಪಿನಿಂದ ಗುಂಪಿಗೆ ಹೋಗಿ ಬೇಕಾದಲ್ಲಿ ಕೈಹಿಡಿದರು, ಅಷ್ಟೆ. ಮೇಷ್ಟ್ರು ಸುಮ್ಮನಿದ್ದ ಆ ತರಗತಿಯಲ್ಲಿ ಚರ್ಚೆ ಮಾತ್ರ ಅವರು ಎಣಿಸಿದ್ದಕ್ಕಿಂತ ಆಳಕ್ಕೆ ಇಳಿಯಿತು.

ಈ ಅನುಭವಕ್ಕೆ ಡಾಜ್ ಒಂದು ಅಚ್ಚು ಕೊಟ್ಟು ವೆಬ್‌ಕ್ವೆಸ್ಟ್ ಎಂದು ಕರೆದರು. ಅದನ್ನು ಬೆಳೆಸುವುದರಲ್ಲಿ ಟಾಮ್ ಮಾರ್ಚ್ ಜೊತೆಯಾದರು. ಕ್ವೆಸ್ಟ್ ಎಂಬ ಪದಕ್ಕೆ ನಮ್ಮಲ್ಲಿ 'ಅನ್ವೇಷಣೆ' ಎಂದರೆ ಭಾರವಾಯಿತು, 'ಹುಡುಕಾಟ' ಎಂದರೆ ದಾರಿ ತಪ್ಪುತ್ತದೆ. ಏಕೆಂದರೆ ಇಲ್ಲಿ ಮಕ್ಕಳು ಹುಡುಕುತ್ತಾ ಕೂರುವುದೇ ಇಲ್ಲ. ಗೂಗಲ್ ಇನ್ನೂ ಹುಟ್ಟಿರದ ಕಾಲವದು. ಯಾವ ಪುಟ ನೋಡಬೇಕೆಂದು ಶಿಕ್ಷಕರೇ ಮೊದಲು ಆರಿಸಿಡುತ್ತಾರೆ. ಮಕ್ಕಳ ಸಮಯ ಹೋಗಬೇಕಾದದ್ದು ಸಿಕ್ಕಿದ್ದನ್ನು ತೂಗಿ ನೋಡುವುದಕ್ಕೆ.

ಮಾರ್ಚ್ ರೂಪಿಸಿದ ಚೀನಾ ಕುರಿತ ವೆಬ್‌ಕ್ವೆಸ್ಟ್ ನೋಡಿದರೆ ಇದು ಸ್ಪಷ್ಟ. ಒಬ್ಬ ವಿದ್ಯಾರ್ಥಿ ಬಂಡವಾಳ ಹೂಡುವವನ ಕಣ್ಣಿನಿಂದ ಓದುತ್ತಾನೆ, ಇನ್ನೊಬ್ಬಳು ಮಾನವ ಹಕ್ಕು ಕಾರ್ಯಕರ್ತೆಯಾಗಿ, ಮತ್ತೊಬ್ಬ ಮ್ಯೂಸಿಯಂ ಕಡೆಯವನಾಗಿ. ಕೊನೆಗೆ ಎಲ್ಲರೂ ಒಂದೇ ವರದಿಗೆ ಸಹಿ ಹಾಕಬೇಕು. ಜಗಳ ಅನಿವಾರ್ಯ. ಉತ್ತರ ಯಾವ ಪುಟದಲ್ಲೂ ಬರೆದಿಲ್ಲವಾದ್ದರಿಂದ ನಕಲು ಹೊಡೆಯಲು ಏನೂ ಇಲ್ಲ.

ಇತ್ತ ಅಮೆರಿಕದ ಶಾಲೆಗಳಿಗೆ ತಂತಿ ಎಳೆಯುವ ಕೆಲಸ ಭರದಿಂದ ಸಾಗಿತ್ತು. 1996ರ ಮಾರ್ಚ್ 9ರಂದು ಕ್ಯಾಲಿಫೋರ್ನಿಯಾದ ನೆಟ್‌ಡೇಯಲ್ಲಿ ಅಧ್ಯಕ್ಷ ಕ್ಲಿಂಟನ್ ಮತ್ತು ಉಪಾಧ್ಯಕ್ಷ ಗೋರ್ ಕೂಡ ಸ್ವಯಂಸೇವಕರ ಜೊತೆ ಕೇಬಲ್ ಎಳೆದರು. ಸರ್ಕಾರಿ ಅಂಕಿಅಂಶದ ಪ್ರಕಾರ 1994ರಲ್ಲಿ ಇಂಟರ್ನೆಟ್ ಇದ್ದದ್ದು 35% ಸರ್ಕಾರಿ ಶಾಲೆಗಳಲ್ಲಿ. 2000ದ ಹೊತ್ತಿಗೆ 98%. ಶಿಕ್ಷಕರ ಮಾತು ಬೇರೆ. 1999ರ ವರದಿಯೊಂದರಲ್ಲಿ, ತಂತ್ರಜ್ಞಾನವನ್ನು ಪಾಠದೊಳಗೆ ತರಲು ತಾವು ಚೆನ್ನಾಗಿ ಸಿದ್ಧರಿದ್ದೇವೆ ಎಂದವರು ಕೇವಲ 20%. ತಂತಿ ಎಳೆಯಲು ಒಂದು ಶನಿವಾರ ಸಾಕಾಗಿತ್ತು.

ಶಿಕ್ಷಕರ ಕಾರ್ಯಾಗಾರಗಳಲ್ಲಿ ವೆಬ್‌ಕ್ವೆಸ್ಟ್ ಅಷ್ಟು ಬೇಗ ಹಬ್ಬಲು ಕಾರಣ ಇಲ್ಲಿದೆ. ಮೌಸ್ ಹಿಡಿಯುವುದು, ಬ್ರೌಸರ್ ತೆರೆಯುವುದು ಇವಕ್ಕೇ ಮುಗಿದುಹೋಗುತ್ತಿದ್ದ ತರಬೇತಿಗೆ ಅದು ಹಿಡಿಯಲು ಒಂದು ಕೊಂಬೆ ಕೊಟ್ಟಿತು. ಪೀಠಿಕೆ, ಕೆಲಸ, ವಿಧಾನ, ಆಕರಗಳು, ಮೌಲ್ಯಮಾಪನ, ಮುಕ್ತಾಯ ಎಂಬ ತಲೆಬರಹಗಳಿದ್ದ ಮಾದರಿ ಪುಟವನ್ನು ತುಂಬಿದರೆ ಶಿಕ್ಷಕಿಯ ಕೈಯಲ್ಲಿ ಅವಳದೇ ಒಂದು ಪಾಠ. ಯಾರೋ ಮಾಡಿದ್ದನ್ನು ಬಳಸುವವಳು ಬರೆಯುವವಳಾದಳು. ಆ ಕಾಲದ ತರಬೇತಿಗಳಲ್ಲಿ ಇದು ಅಪರೂಪದ ಗೌರವ.

ಅದೇ ಅಚ್ಚು ಮುಳುವೂ ಆಯಿತು. ತಲೆಬರಹ ತುಂಬುವುದು ಸುಲಭ, ಒಳ್ಳೆಯ ಕೆಲಸ ಯೋಚಿಸುವುದು ಕಷ್ಟ. ಗ್ರಹದ ಹೆಸರೇನು, ಎಷ್ಟು ಉಪಗ್ರಹ, ಪೋಸ್ಟರ್ ಮಾಡಿ ಎಂಬಂಥ ಪುಟಗಳು ವೆಬ್‌ಕ್ವೆಸ್ಟ್ ಹೆಸರಲ್ಲಿ ರಾಶಿಯಾದವು. ಡಾಜ್ ಕೆಲಸಗಳನ್ನು 12 ಬಗೆಯಾಗಿ ವಿಂಗಡಿಸಿ, ಓದಿದ್ದನ್ನು ಒಪ್ಪಿಸುವಂಥವು ತೀರ ಸರಳ ಎಂದರು. ಹೆಸರಿಗಷ್ಟೇ ವೆಬ್‌ಕ್ವೆಸ್ಟ್ ಆಗಿರುವವು ಬಹಳ ಎಂದು ಮಾರ್ಚ್ ಕೂಡ ಮತ್ತೆ ಮತ್ತೆ ಬರೆಯಬೇಕಾಯಿತು. ನೋಟ್ಸ್ ಬರೆಸಿ ಬೆಳೆದ ಯಾವ ದೇಶದ ಶಿಕ್ಷಕರಿಗೂ ಈ ಜಾರುವಿಕೆ ಅಪರಿಚಿತವಲ್ಲ. ತರಬೇತಿ ನಡೆದದ್ದು ಪುಟ ಮಾಡುವುದರಲ್ಲಿ. ಪ್ರಶ್ನೆ ಕೇಳುವುದು ಹೇಗೆಂದು ಆ ಎರಡು ಗಂಟೆ ತೋರಿಸಿದ್ದು ಕಾರ್ಯಾಗಾರಗಳ ಕೈಗೆ ಅಷ್ಟಾಗಿ ಸಿಗಲಿಲ್ಲ.

ಉಳಿದದ್ದನ್ನು ಕಾಲ ನೋಡಿಕೊಂಡಿತು. ಕೊಂಡಿಗಳು ಸತ್ತವು. ಎಷ್ಟೋ ಶಿಕ್ಷಕರು ಮನೆ ಮಾಡಿಕೊಂಡಿದ್ದ ಉಚಿತ ತಾಣ ಜಿಯೋಸಿಟೀಸ್ 2009ರಲ್ಲಿ ಅಮೆರಿಕದಲ್ಲಿ ಬಾಗಿಲು ಹಾಕಿತು. ಹಳೆಯ ವೆಬ್ ಪುಟಗಳ ಸಂಗ್ರಹಾಲಯಗಳಲ್ಲಿ ಇಂದಿಗೂ ಕೆಲವು ಸಿಗುತ್ತವೆ. ಆಕರಗಳ ಪಟ್ಟಿಯಲ್ಲಿ ಯಾವುದನ್ನು ಒತ್ತಿದರೂ ಏನೂ ತೆರೆಯುವುದಿಲ್ಲ. ಅದರ ಮೇಲೆ, 'ನಿಮ್ಮ ಕೆಲಸ' ಎಂದು ಶಿಕ್ಷಕಿ ಬರೆದ ನಾಲ್ಕು ಸಾಲು ಮಾತ್ರ ಹಾಗೇ ಇದೆ.