ಜೇನಿನ ಪರಾಗವೂ ಬಂಗಾರಪೇಟೆ ಸೀಮೆಯ ಮರಗಳ ಚರಿತ್ರೆಯೂ

ಬಂಗಾರಪೇಟೆಯ ಸುತ್ತಣ ಬಯಲನ್ನು ಮೊದಲ ಸಲ ಕಾಣುವವರಿಗೆ ನೀಲಗಿರಿಯು ಈ ನೆಲದ ಪುರಾತನ ವೃಕ್ಷವೆಂದೇ ತೋರಬಹುದು. ವಸ್ತುಸ್ಥಿತಿ ಬೇರೆ. ಆಸ್ಟ್ರೇಲಿಯಾ ಮೂಲದ ಈ ಮರವು 1790ರ ಸುಮಾರಿಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ, ನಂದಿಬೆಟ್ಟಕ್ಕೆ ಬಂದಿತೆಂಬುದು ರೂಢಿಯ ಮಾತು. ಕೋಲಾರದ ರಾಗಿಹೊಲಗಳನ್ನು ಅದು ವಿಶೇಷವಾಗಿ ಆಕ್ರಮಿಸಿದ್ದು 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ಇಂತಹ ಬದಲಾವಣೆಗೆ ಜೇನು ಸಾಕ್ಷಿಯಾಗಬಲ್ಲದೆ? ಮಕರಂದದೊಡನೆ ಹೂವಿನ ಪರಾಗವೂ ಜೇನನ್ನು ಸೇರುತ್ತದೆ. ಪ್ರತಿ ಸಸ್ಯಜಾತಿಯ ಪರಾಗರೇಣುವಿಗೂ ತನ್ನದೇ ಆಕೃತಿಯುಂಟು. ನೀಲಗಿರಿಯ ತ್ರಿಕೋನಾಕಾರದ ರೇಣುವನ್ನು ಸೂಕ್ಷ್ಮದರ್ಶಕದಲ್ಲಿ ಸುಲಭವಾಗಿ ಗುರುತಿಸಬಹುದು. ಆದರೆ ಎಣಿಕೆಯನ್ನು ಹಾಗೆಯೇ ನಂಬಲಾಗದು. ಇದಕ್ಕೆ ಯೂರೋಪಿನ ಚೆಸ್ಟ್‌ನಟ್ ಮರವೇ ನಿದರ್ಶನ. ಅದರ ರೇಣು ಅತಿ ಸಣ್ಣದು, ಹೇರಳವಾದುದು. ದೊಡ್ಡ ರೇಣುಗಳನ್ನು ಜೇನ್ನೊಣದ ಮಧುಕೋಶದ ಕವಾಟವು ಬೇಗನೆ ಸೋಸಿಬಿಡುತ್ತದೆ. ಸಣ್ಣವು ಬಹುಮಟ್ಟಿಗೆ ಉಳಿಯುತ್ತವೆ. ಆದುದರಿಂದ ಸಾಮಾನ್ಯ ಜೇನಿಗೆ ಪರಾಗದಲ್ಲಿ ನೂರಕ್ಕೆ 45 ಭಾಗ ಒಂದೇ ಜಾತಿಯದಾದರೆ ಆ ಹೂವಿನ ಹೆಸರು ಸಲ್ಲುತ್ತದೆ. ಚೆಸ್ಟ್‌ನಟ್‌ಗಾದರೋ ಸುಮಾರು 90 ಬೇಕೆಂದು ವಿದ್ವಾಂಸರು ವಿಧಿಸಿದರು. ನೀಲಗಿರಿಗೂ ಇಂತಹ ಎಚ್ಚರಿಕೆ ಅವಶ್ಯ. ಜೇನಿನಲ್ಲಿ ಅದು ಮುಕ್ಕಾಲು ಪಾಲು ಕಂಡಿತೆಂದು ನೆಲದ ಮುಕ್ಕಾಲು ಪಾಲನ್ನು ಅದಕ್ಕೆ ಬರೆದುಕೊಡುವುದು ಅವಿಚಾರ. ಹೊಂಗೆ, ಹುಣಿಸೆಗಳನ್ನು ನಾವು ಕೈಯಾರೆ ಅಳಿಸಿದಂತಾದೀತು.

ನೀಲಗಿರಿಗೆ ಹಿಂದಿನ ಕಾಡಿನ ಮಾತೇನು? 1880ರ ದಶಕದಿಂದ ಚಿನ್ನದ ಗಣಿಗಳು ಬೆಳೆದುವು. 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ ರೈಲುದಾರಿಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬರುವವರೆಗೂ ಯಂತ್ರಗಳು ಉಗಿಯಿಂದ ನಡೆದುವು. ಉಗಿಗೆ ಸೌದೆ ಬೇಕಾಗಿತ್ತು. ಆ ಕಾಲದ ಜೇನು ನಮಗೆ ಉಳಿದಿಲ್ಲ. ಅಂದಿನ ಪರಾಗವನ್ನು ಕೆರೆಯ ಹೂಳಿನಲ್ಲಿ ಅರಸಬೇಕು. ಆಲ್ಪ್ಸ್ ಪರ್ವತದ ದಕ್ಷಿಣದಲ್ಲಿ ರೋಮನ್ನರ ಕಾಲದಲ್ಲಿ ಚೆಸ್ಟ್‌ನಟ್ ಹಬ್ಬಿದುದನ್ನು ಸರೋವರಗಳ ಕೆಸರೇ ತಿಳಿಸಿತು. ನಮ್ಮಲ್ಲಿ ಹೂಳೆತ್ತಿದ ಕೆರೆಗಳಲ್ಲಿ ಆ ಪುಟಗಳೇ ಹರಿದುಹೋಗಿವೆಯೆಂಬುದು ತೊಡಕು.

ಇಂದಿನ ಸ್ಥಿತಿಯನ್ನು ತಿಳಿಯಲು ಜೇನನ್ನು ಆಯುವುದರಲ್ಲಿಯೂ ವಿವೇಕ ಬೇಕು. ಹೆಜ್ಜೇನು ಹಲವು ಮೈಲಿ ಸುತ್ತಿ ಬರುವುದು. ಅದರ ಹುಟ್ಟನ್ನು ಹಿಂಡಿದರೆ ಕೂಡಿಟ್ಟ ಪರಾಗವೂ ಬೆರೆತು ಲೆಕ್ಕ ಕೆಡುತ್ತದೆ. ಒಂದು ಊರಿನ ಮರಗಳನ್ನು ಕೇಳಬೇಕಾದರೆ ಆ ಊರಿನ ತುಡುವೆಯ ಹುಟ್ಟಿನಿಂದ, ಹಿಂಡದೆ ಇಳಿಸಿದ ಜೇನನ್ನು, ಒಂದೊಂದು ಹೂಗಾಲಕ್ಕೂ ಬೇರೆಬೇರೆಯಾಗಿ ತೆಗೆದಿರಿಸಬೇಕು.